ಗಿಡದ ಊರು ಕೇಳದ ಬಳಗ ನಮಗೇಕೆ?

ಕಳೆದ ಮಳೆಗಾಲ ಮುಗಿಯುತ್ತ ಬಂದಿದ್ದ ದಿನಗಳಲ್ಲಿ, ಸಸ್ಯಶಾಸ್ತ್ರ ಓದುತ್ತಿರುವ ನಮ್ಮ ಕಡೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಕ್ಯಾಕ್ಟಸ್ ಹಾಗೂ ಸಕ್ಯುಲೆಂಟ್ ಗಿಡಗಳನ್ನು ಬೆಳೆಸುವವರ ಬಳಗವೊಂದಕ್ಕೆ ತಾನು ಸದಸ್ಯನಾಗಿರುವುದನ್ನು ಸಂಭ್ರಮದಿಂದ ಹೇಳಿಕೊಂಡ. ಸಂಭ್ರಮ ಸಹಜವೇ. ದೂರದೂರುಗಳ ಅನುಭವಿಗಳು ಅವನ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರಿಸುತ್ತಿದ್ದರು. ಮಲೆನಾಡಿನ ಮಳೆಗೆ ಬೇರು ಕೊಳೆಯದಂತೆ ಮಣ್ಣಿಗೆ ಎಷ್ಟು ಮರಳು, ಎಷ್ಟು ಇದ್ದಿಲು ಸೇರಿಸಬೇಕೆಂಬುದನ್ನು ಕಲಿಸಿದ್ದರು. ಆದರೆ ಸೇರಿ ಎರಡು ತಿಂಗಳು ತುಂಬುವ ಮೊದಲೇ ಬಳಗದ ಹಿರಿಯ ಸದಸ್ಯರೊಬ್ಬರಿಂದ ಕೋರಿಕೆಯೊಂದು ಬಂದಿತ್ತು. ನಿಮ್ಮೂರ ಗುಡ್ಡದ ನೆತ್ತಿಯ ಕಲ್ಲುಹಾಸಿನಲ್ಲಿ ಸೆರೋಪೀಜಿಯ ಬೆಳೆಯುತ್ತದಲ್ಲವೆ, ಅದರ ಹತ್ತು ಗಡ್ಡೆ ಅಗೆದು ಕಳಿಸಿದರೆ ಬದಲಿಗೆ ಮೆಕ್ಸಿಕೋ ಮೂಲದ ಐದು ಅಪರೂಪದ ಸಸಿಗಳನ್ನು ಕೊಡುತ್ತೇನೆ ಎಂದು. "ಕಳಿಸಬಹುದಾ ಸರ್?" ಎಂದು ಹುಡುಗ ಕೇಳಿದ.

ಕೂಡದು ಎಂದೆ. ಅದಕ್ಕಿಂತ ಮುಂದೆ ಹೋಗಿ ನಮ್ಮ ಚಳವಳಿಯ ಗೆಳೆಯರಲ್ಲಿ ಈ ಸಂಗತಿಯನ್ನು ಪ್ರಸ್ತಾಪಿಸಿದಾಗ ಬಂದ ಮಾತುಗಳೇ ಈ ಬರಹಕ್ಕೆ ಕಾರಣ. ಒಬ್ಬರು ನಕ್ಕರು. "ಹಸಿರು ಕಾಡಿನಲ್ಲಿ ಹುಟ್ಟಿದವರಿಗೆ ಮರುಭೂಮಿಯ ಮುಳ್ಳಿನ ಹುಚ್ಚೇಕೆ?" ಎಂದರು. ಇನ್ನೊಬ್ಬರು, ಇವೆಲ್ಲ ಪೇಟೆಯ ಸಿರಿವಂತರ ಶೋಕಿ, ಹುಡುಗ ಆ ಬಳಗವನ್ನು ಬಿಟ್ಟುಬಿಡಲಿ ಎಂದು ತೀರ್ಪಿತ್ತರು. ಈ ಎರಡೂ ಮಾತುಗಳನ್ನು ನಾನು ಒಪ್ಪುವುದಿಲ್ಲ. ಹುಡುಗ ಬಳಗದಲ್ಲಿ ಇರಬೇಕು. ಗಡ್ಡೆ ಒದಗಿಸುವ ಆಳಾಗಿ ಅಲ್ಲ. ಪ್ರತಿಯೊಂದು ಗಿಡದ ಊರು ಯಾವುದು, ಅದು ಬೀಜದಿಂದ ಬಂದದ್ದೋ ನೆಲದಿಂದ ಕಿತ್ತದ್ದೋ ಎಂದು ಕೇಳುವ ಸದಸ್ಯನಾಗಿ.

ಮೊದಲು ಮರುಭೂಮಿಯ ಮಾತು. ನಮ್ಮ ಘಟ್ಟದ ನೆತ್ತಿಯ ಜಂಬಿಟ್ಟಿಗೆ ಕಲ್ಲುಹಾಸುಗಳ ಮೇಲೆ ಜನವರಿಯ ನಂತರ ಬರಿಗಾಲಲ್ಲಿ ನಡೆದವರಿಗೆ ಅದು ಎಂಥ ಮರುಭೂಮಿ ಎಂಬುದನ್ನು ಹೇಳಬೇಕಾಗಿಲ್ಲ. ನಾಲ್ಕು ತಿಂಗಳು ಜಡಿಮಳೆ, ಉಳಿದಂತೆ ಕಾದ ಕಾವಲಿ. ಅಂಥಲ್ಲಿ ಬದುಕಲು ಗಿಡಕ್ಕೆ ಕಾಂಡದಲ್ಲೋ ಎಲೆಯಲ್ಲೋ ಗಡ್ಡೆಯಲ್ಲೋ ನೀರು ಕೂಡಿಡುವ ವಿದ್ಯೆ ಬೇಕು. ನಿಜವಾದ ಕ್ಯಾಕ್ಟಸ್ ಕುಟುಂಬವು ಒಂದೇ ಒಂದು ಪ್ರಭೇದದ ಹೊರತು ಸಂಪೂರ್ಣವಾಗಿ ಅಮೆರಿಕಾ ಖಂಡಗಳದ್ದು. ನಮ್ಮಲ್ಲಿ ಬೇಲಿಗೆ ನೆಡುವ ಕಳ್ಳಿಗಳು ಬೇರೆಯೇ ಕುಟುಂಬಕ್ಕೆ ಸೇರಿದವು. ಬರಿದಾದ ನೆಲದಲ್ಲಿ ಒಂದೇ ಕಷ್ಟವನ್ನು ಎದುರಿಸಿ ಒಂದೇ ರೂಪಕ್ಕೆ ಬಂದವು. ಮಂಗರವಳ್ಳಿಯೂ ಈ ವಿದ್ಯೆಯನ್ನು ಬಲ್ಲದ್ದೇ. ಸೆರೋಪೀಜಿಯವಂತೂ ವರ್ಷದ ಬಹುಭಾಗ ಗಡ್ಡೆಯಾಗಿ ಕಲ್ಲಿನ ಸಂದಿನಲ್ಲಿ ಮಲಗಿದ್ದು, ಮಳೆ ಬಿದ್ದಾಗ ಎದ್ದು, ಕಂದೀಲಿನಾಕಾರದ ಹೂವನ್ನು ಹೊರುತ್ತದೆ. ಆ ಹೂವಿನ ಕೊಳವೆಯೊಳಗೆ ಕೆಳಮುಖವಾದ ರೋಮಗಳಿರುತ್ತವೆ. ಒಳಗಿಳಿದ ಸಣ್ಣ ನೊಣ ಸೆರೆಯಾಗಿ, ಹೂ ಬಾಡಿ ರೋಮಗಳು ಸೊರಗಿದ ಮೇಲೆ ಪರಾಗ ಹೊತ್ತು ಹೊರಬೀಳುತ್ತದೆ. ಭಾರತದಲ್ಲಿ ಈ ಕುಲದ ಐವತ್ತಕ್ಕೂ ಹೆಚ್ಚು ಪ್ರಭೇದಗಳಿದ್ದು ಪಶ್ಚಿಮ ಘಟ್ಟವೇ ಅವುಗಳ ದೊಡ್ಡ ನೆಲೆ. ಸೆರೋಪೀಜಿಯ ಫೆಂಟಾಸ್ಟಿಕ ಎಂಬ ಅತಿ ವಿರಳ ಪ್ರಭೇದವು ಮೊದಲು ದಾಖಲಾದದ್ದು ನಮ್ಮ ಉತ್ತರ ಕನ್ನಡದಲ್ಲಿಯೇ. ಯಾವ ಊರೆಂದು ಇಲ್ಲಿ ಬರೆಯುವುದಿಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ.

ಇಂಥ ನೆಲವನ್ನು ಕಂದಾಯ ದಾಖಲೆಗಳು ಕರೆಯುವುದು 'ಖರಾಬು' ಎಂದು. ಮರವಿಲ್ಲದ ಜಾಗ ನಮ್ಮ ಚಳವಳಿಗಾರರಿಗೂ ಬರಡಾಗಿಯೇ ಕಾಣುತ್ತದೆ ಎಂಬುದನ್ನು ಒಪ್ಪಿಕೊಳ್ಳೋಣ. ವನಮಹೋತ್ಸವದ ಉತ್ಸಾಹದಲ್ಲಿ ಕಲ್ಲುಹಾಸಿಗೆ ಅಕೇಶಿಯಾ ನೆಡಲು ಹೊರಟವರನ್ನು ನಾನು ಕಂಡಿದ್ದೇನೆ. ಆದ್ದರಿಂದಲೇ, ಒಂದು ಅಂಗುಲದ ಗಿಡದ ಎದುರು ಮಂಡಿಯೂರಿ ಕೂತು ನೋಡುವುದನ್ನು ಕಲಿಸುವ ಯಾವ ಬಳಗವನ್ನೂ ಶೋಕಿ ಎಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಖರಾಬನ್ನು ಖರಾಬೆಂದು ಕಾಣದ ಕಣ್ಣು ನಮಗೆ ತುರ್ತಾಗಿ ಬೇಕಾಗಿದೆ.

ಬೆಳೆಸುವವರಿಗೆ ಬಳಗ ಏಕೆ ಬೇಕು ಎಂಬುದಕ್ಕೆ ವಿಜ್ಞಾನದ ಕಾರಣವೂ ಇದೆ. ಬಹಳಷ್ಟು ಕ್ಯಾಕ್ಟಸ್ ಪ್ರಭೇದಗಳು ತಮ್ಮದೇ ಪರಾಗದಿಂದ ಬೀಜ ಕಟ್ಟುವುದಿಲ್ಲ. ಒಂದೇ ತಾಯಿಗಿಡದ ಟಿಸಿಲುಗಳನ್ನು ನೂರು ಕುಂಡಗಳಲ್ಲಿ ನೆಟ್ಟರೂ ಜೈವಿಕವಾಗಿ ಅದು ಒಂದೇ ಗಿಡ. ಆ ನೂರು ಗಿಡಗಳ ನಡುವೆ ಕಾಯಿ ನಿಲ್ಲದು. ಬೇರೆ ಬೀಜದಿಂದ ಹುಟ್ಟಿದ ಇನ್ನೊಂದು ಗಿಡ ಇನ್ನೊಬ್ಬರ ಅಂಗಳದಲ್ಲಿ ಅದೇ ವಾರ ಅರಳಬೇಕು, ಒಬ್ಬರು ಕುಂಚದ ತುದಿಯಲ್ಲಿ ಪರಾಗ ಒಯ್ಯಬೇಕು. ಆಗ ಕಟ್ಟಿದ ಕಾಯಿಯೊಂದರಿಂದ ಹತ್ತಾರು, ಕೆಲವೊಮ್ಮೆ ನೂರಾರು ಸಸಿಗಳಾಗುತ್ತವೆ. ಹೀಗೆ ಬೀಜವನ್ನು ಹಂಚಿಕೊಳ್ಳುವ ಬಳಗವಿದ್ದರೆ ಕಾಡಿನಿಂದ ಕೀಳುವ ಅಗತ್ಯವೇ ಇಲ್ಲ. ಇದೇನೂ ನಮಗೆ ಹೊಸತಲ್ಲ. ಮದುವೆ-ಮುಂಜಿಗೆ ಹೋದ ನಮ್ಮ ಅತ್ತೆ, ಚಿಕ್ಕಮ್ಮಂದಿರು ಮರಳುವಾಗ ಸೆರಗಿನ ಮರೆಯಲ್ಲಿ ಡೇಲಿಯಾ ಗಡ್ಡೆ, ದಾಸವಾಳದ ಟಿಸಿಲು ತರುವುದನ್ನು ಎಲ್ಲರೂ ಕಂಡಿದ್ದೇವೆ. ಆ ಗಿಡಕ್ಕೆ ಹೆಸರೇ 'ಹೊಸ್ಮನೆ ಅತ್ತೆ ಕೊಟ್ಟ ದಾಸವಾಳ' ಎಂದಾಗಿರುತ್ತಿತ್ತು. ನಾವು ಕೃಷಿ ವಿಜ್ಞಾನಿಗಳು ತಳಿಯೊಂದರ ಮೂಲವಿವರ ಎಂದು ಹಾಳೆ ತುಂಬ ಬರೆದಿಡುವುದೂ ಅದನ್ನೇ.

ಆದರೆ ಗಿಡದ ಊರು ಕೇಳದ ಆಸೆ ಏನು ಮಾಡಬಲ್ಲದು ಎಂಬುದಕ್ಕೆ ಚಿಲಿ ದೇಶದ ಅಟಕಾಮಾ ಮರುಭೂಮಿಯನ್ನು ನೋಡಿ. ಕೊಪಿಯಾಪೊವ ಎಂಬ ಕ್ಯಾಕ್ಟಸ್ ಅಲ್ಲಿ ಮಳೆಯೇ ಇಲ್ಲದ ಕರಾವಳಿಯಲ್ಲಿ, ಸಮುದ್ರದ ಮಂಜನ್ನು ಕುಡಿದು ಬದುಕುತ್ತದೆ. ಬೆಳವಣಿಗೆ ಎಷ್ಟು ನಿಧಾನವೆಂದರೆ ತೆಂಗಿನಕಾಯಿ ಗಾತ್ರದ ಗಿಡ ನಮ್ಮ ಅಜ್ಜಂದಿರಿಗಿಂತ ಹಿರಿಯದಾಗಿರಬಹುದು. 2020ರ ಫೆಬ್ರವರಿಯಲ್ಲಿ ಇಟಲಿಯ ಸೆನಿಗಾಲ್ಯ ಪಟ್ಟಣದ ಸಂಗ್ರಾಹಕನೊಬ್ಬನ ಮನೆಯಲ್ಲಿ ಪೊಲೀಸರು ಇಂಥ ಸಾವಿರಕ್ಕೂ ಹೆಚ್ಚು ಕ್ಯಾಕ್ಟಸ್ ಗಿಡಗಳನ್ನು ವಶಪಡಿಸಿಕೊಂಡರು. 2021ರಲ್ಲಿ 844 ಗಿಡಗಳನ್ನು ಚಿಲಿಗೆ ಮರಳಿಸಲಾಯಿತು. ಕೊಪಿಯಾಪೊವ ಕುಲದ ಪ್ರಭೇದಗಳಲ್ಲಿ 82 ಶೇಕಡಾ ಅಳಿವಿನ ಅಪಾಯದಲ್ಲಿವೆ ಎಂದು ಐಯುಸಿಎನ್ 2024ರಲ್ಲಿ ಪ್ರಕಟಿಸಿತು. 2013ರಲ್ಲಿ ಈ ಪ್ರಮಾಣ 55 ಶೇಕಡಾ ಇತ್ತು. ಬೀಜದಿಂದ ಬೆಳೆಸಿದ ಗಿಡ ಇವರಿಗೇಕೆ ಸಾಲದು? ಹಸಿರುಮನೆಯಲ್ಲಿ ಬೆಳೆದದ್ದು ದುಂಡಗೆ, ಹಸಿರಾಗಿ, ನುಣುಪಾಗಿರುತ್ತದೆ. ಶತಮಾನದ ಬಿಸಿಲು ಕೊಟ್ಟ ಸುಣ್ಣದ ಬಿಳುಪು, ಗಾಯದ ಕಲೆಗಳು ಅದಕ್ಕಿಲ್ಲ. ಇವರಿಗೆ ಬೇಕಿರುವುದು ಆ ವಯಸ್ಸು. ತಾವು ಕಾಯದ ನೂರು ವರ್ಷಗಳನ್ನು ದುಡ್ಡು ಕೊಟ್ಟು ಕೊಳ್ಳುವ ಚಪಲ ಇದು. ಇದನ್ನು ಸಸ್ಯಪ್ರೇಮ ಎಂದು ಕರೆಯಲು ನನ್ನ ನಾಲಗೆ ಏಳುವುದಿಲ್ಲ.

ಅದೇ ಪ್ರಕರಣದ ಇನ್ನೊಂದು ಮುಖವನ್ನೂ ಹೇಳಬೇಕು. ವಶಪಡಿಸಿಕೊಂಡ ಗಿಡಗಳನ್ನು ಗುರುತಿಸಿ, ಅವು ನೆಲದಿಂದ ಕಿತ್ತವೇ ಎಂದು ಹೇಳಲು ಪೊಲೀಸರಿಗೆ ನೆರವಾದವರು ಆಂಡ್ರಿಯಾ ಕತ್ತಾಬ್ರಿಗ ಎಂಬ ಕ್ಯಾಕ್ಟಸ್ ತಜ್ಞರು. ಅವರೂ ಆ ಬೆಳೆಗಾರರ ಲೋಕದವರೇ. ಕಳ್ಳನೂ ಕಾವಲುಗಾರನೂ ಒಂದೇ ಬಳಗದಿಂದ ಬಂದರು. ಬಳಗವನ್ನು ಬಿಟ್ಟುಬಿಡಿ ಎನ್ನುವ ಗೆಳೆಯರು ಈ ಸಂಗತಿಯನ್ನು ಗಮನಿಸಬೇಕು. ಪ್ರಾಮಾಣಿಕರೆಲ್ಲ ಎದ್ದುಹೋದರೆ ಅಲ್ಲಿ ಉಳಿಯುವವರು ಯಾರು?

ದಕ್ಷಿಣ ಆಫ್ರಿಕಾದ ಕತೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿನ ಒಣ ಪ್ರದೇಶಗಳಲ್ಲಿ ಬೆಣಚುಕಲ್ಲಿನ ನಡುವೆ ಉರುಟು ಹರಳುಗಳಂತೆ ಬೆಳೆಯುವ ಕೋನೋಫೈಟಮ್ ಮೊದಲಾದ ಸಕ್ಯುಲೆಂಟ್ ಗಿಡಗಳಿಗೆ ಹೊರದೇಶಗಳಲ್ಲಿ ಬೇಡಿಕೆ ಬಂತು. 2019ರಿಂದ ಈಚೆಗೆ ಅಲ್ಲಿನ ಅಧಿಕಾರಿಗಳು ಹಿಡಿದ ಕದ್ದ ಗಿಡಗಳ ಸಂಖ್ಯೆಯೇ ಹತ್ತು ಲಕ್ಷವನ್ನು ದಾಟಿತು. ಕೀಳುವವರು ಯಾರು? ಬಹುತೇಕ ಆ ಊರುಗಳ ಬಡ, ನಿರುದ್ಯೋಗಿ ಯುವಕರು. ಗಿಡಕ್ಕಿಷ್ಟು ಎಂದು ಚಿಲ್ಲರೆ ಕಾಸು ಅವರಿಗೆ. ಲಾಭ ದೂರದ ದಲ್ಲಾಳಿಗೆ. ಪೊಲೀಸರ ಕೈಗೆ ಮೊದಲು ಸಿಗುವವರು ಮಾತ್ರ ಇವರೇ. ನಮ್ಮ ಹುಡುಗನಿಗೆ ಬಂದ ಕೋರಿಕೆಯಲ್ಲಿ ಕಾಸಿನ ಮಾತಿರಲಿಲ್ಲ, ಹೊಗಳಿಕೆ ಇತ್ತು, ವ್ಯತ್ಯಾಸ ಅಷ್ಟೇ. ದಾಲ್ಚಿನ್ನಿ ತೊಗಟೆ, ರಾಮಪತ್ರೆ, ಸೀತಾಳೆ ದಂಡೆಗಳ ವಿಷಯದಲ್ಲಿ ಘಟ್ಟದ ಜನ ಈ ಪಾಠವನ್ನು ಮೊದಲೇ ಓದಿದ್ದಾರೆ.

ನಾನೂ ಇದರಲ್ಲಿ ತಪ್ಪಿತಸ್ಥನೇ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಮಾರಾಟಗಾರನೊಬ್ಬನಿಂದ ಸೆರೋಪೀಜಿಯದ ಗಡ್ಡೆಯೊಂದನ್ನು, ಎಲ್ಲಿಯದೆಂದು ಕೇಳದೆ, ಕೊಂಡುತಂದೆ. ಮನೆಯಲ್ಲಿ ತೊಳೆದಾಗ ಬೇರಿನ ಬುಡದಲ್ಲಿ ಕಚ್ಚಿಕೊಂಡಿದ್ದ ಕೆಂಪು ಹರಳುಗಳು ಕೈಗೆ ಬಂದವು. ಜಂಬಿಟ್ಟಿಗೆಯ ಹರಳು. ಒಂದು ಮಗ್ಗುಲಲ್ಲಿ ಪಿಕಾಸಿ ತಾಗಿದ ಗಾಯವೂ ಇತ್ತು. ನಮ್ಮದೇ ಘಟ್ಟಸಾಲಿನ ಯಾವುದೋ ಕಲ್ಲುಹಾಸಿನಿಂದ ಕಿತ್ತ ಗಡ್ಡೆಯನ್ನು ರಾಜಧಾನಿಯಲ್ಲಿ ಕೊಂಡು, ಬಸ್ಸಿನಲ್ಲಿ ಘಟ್ಟಕ್ಕೇ ಮರಳಿ ತಂದಿದ್ದೆ. ಆ ಗಾಯದಿಂದಲೇ ಕೊಳೆತು ಅದು ಆಷಾಢ ಕಳೆಯುವುದರೊಳಗೆ ಸತ್ತುಹೋಯಿತು. ಡಾಕ್ಟರೇಟ್ ಇರುವವನಿಗೆ ಹೊಳೆಯದ ಪ್ರಶ್ನೆ ಆ ಹುಡುಗನಿಗೆ ಹೊಳೆಯಿತಲ್ಲ, ಅದು ನನಗೆ ಸಮಾಧಾನ.

ನಮ್ಮ ವೃತ್ತಿಯವರು ಮಾಡುವ ಇನ್ನೊಂದು ಅನ್ಯಾಯವಿದೆ. ಹೊಸ ಪ್ರಭೇದ ಕಂಡೊಡನೆ ಪ್ರಬಂಧದಲ್ಲಿ ಊರು, ಗುಡ್ಡ, ಅಕ್ಷಾಂಶ, ರೇಖಾಂಶಗಳನ್ನೆಲ್ಲ ಅಚ್ಚು ಹಾಕಿಸುತ್ತೇವೆ. ವಿಜ್ಞಾನಕ್ಕೆ ನಿಖರತೆ ಬೇಕು, ನಿಜ. ಆದರೆ ಬೆರಳೆಣಿಕೆಯ ಗಿಡಗಳಿರುವ ಕಡೆ ಆ ನಿಖರತೆಯೇ ಪಿಕಾಸಿಗೆ ದಾರಿ ತೋರಿಸುತ್ತದೆ. ಮೇಲೆ ನಾನು ಊರಿನ ಹೆಸರನ್ನು ಬಿಟ್ಟದ್ದು ಈ ಕಾರಣಕ್ಕೆ.

ಮಹಾರಾಷ್ಟ್ರದ ಫ್ರೀರಿಯಾ ಇಂಡಿಕಾ ಗಿಡದ ವಿಚಾರ ಇಲ್ಲಿ ಉಪಯುಕ್ತ. ಜುನ್ನರ್ ಕಡೆಯ ಕಡಿದಾದ ಬಂಡೆಗಳಲ್ಲಿ ಜೋತುಬೀಳುವ ಈ ಸಕ್ಯುಲೆಂಟ್‌ಗೆ ಮುಂಬಯಿಯ ಗವರ್ನರ್ ಆಗಿದ್ದ ಬಾರ್ಟಲ್ ಫ್ರಿಯರ್ ಅವರ ಹೆಸರಿಟ್ಟವರು ಡಾಲ್ಜೆಲ್. ಮರಾಠಿಯಲ್ಲಿ ಅದು ಶಿವಸುಮನ. ತುಂಡೊಂದನ್ನು ಮರಳಿಗೆ ಚುಚ್ಚಿದರೂ ಬೇರು ಬಿಡುವಷ್ಟು ಸುಲಭದ ಗಿಡ. ಇಂದು ಲೋಕದ ಎಷ್ಟೋ ಕಿಟಕಿಗಳಲ್ಲಿ ಅದು ಹೂಬಿಡುತ್ತಿದೆ, ತನ್ನ ಬಂಡೆಯಲ್ಲಿ ಮಾತ್ರ ವಿರಳ. ಕಿಟಕಿಯ ಗಿಡಗಳು ವ್ಯರ್ಥವೆಂದಲ್ಲ. ಹಲವು ಬೇರೆ ಬೇರೆ ತಾಯಿಗಿಡಗಳ ಸಂತತಿ, ಊರಿನ ದಾಖಲೆಯೊಂದಿಗೆ ಉಳಿದಿದ್ದರೆ ಮುಂದೊಂದು ದಿನ ಬಂಡೆಗೆ ಮರಳಿಸಬಹುದು. ಹೆಸರುಚೀಟಿ ಕಳೆದುಕೊಂಡ ಗಿಡವನ್ನು ಯಾವ ಬಂಡೆಗೆ ಒಯ್ಯುವುದು?

ಹೊರಗಿನಿಂದ ಬರುವ ಗಿಡದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಕಿರಮಂಜಿ ಬಣ್ಣದ ಆಸೆಗೆ ಬ್ರಿಟಿಷರು 1795ರಲ್ಲಿ ಬ್ರೆಜಿಲ್‌ನಿಂದ ಪಾಪಾಸುಕಳ್ಳಿಯ ಮೇಲೆ ಬದುಕುವ ಹುಳವನ್ನು ತರಿಸಿದರು. ಬಂದದ್ದು ಬೇರೆ ಜಾತಿಯ ಹುಳ. ಬಣ್ಣ ಕೊಡುವ ಬದಲು ಒಂದು ಪ್ರಭೇದದ ಕಳ್ಳಿಯನ್ನೇ ತಿಂದು ಮುಗಿಸಿತು. ಅದು ಮುಟ್ಟದ ಇನ್ನೊಂದು ಪಾಪಾಸುಕಳ್ಳಿ ದಕ್ಷಿಣದ ಹೊಲ-ಗೋಮಾಳಗಳನ್ನು ಆಕ್ರಮಿಸಿತು. 1926ರಲ್ಲಿ ಶ್ರೀಲಂಕಾದಿಂದ ಬೇರೊಂದು ಹುಳ ತಂದು ಬಿಟ್ಟ ಮೇಲೆಯೇ ಅದು ಹತೋಟಿಗೆ ಬಂದದ್ದು. ಅಂದಕ್ಕೆಂದು ಬಂದ ಲಂಟಾನಕ್ಕೆ ಮದ್ದು ಇಂದಿಗೂ ಸಿಕ್ಕಿಲ್ಲ. ಎಲೆ ಬಿದ್ದಲ್ಲೆಲ್ಲ ಮೊಳೆಯುವ ಕಲಾಂಚೋ ಗಿಡಗಳನ್ನು ಕುಂಡದಿಂದಾಚೆ ಬಿಡುವವರು ಇದನ್ನು ಯೋಚಿಸಲಿ.

ಕಾನೂನು ಇಲ್ಲವೆಂದಲ್ಲ. ಕ್ಯಾಕ್ಟಸ್ ಕುಟುಂಬದ ಬಹುತೇಕ ಎಲ್ಲ ಪ್ರಭೇದಗಳ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. 2002ರ ಜೀವವೈವಿಧ್ಯ ಕಾಯ್ದೆ ನಮ್ಮ ಪಂಚಾಯಿತಿ ಮಟ್ಟದಲ್ಲಿಯೇ ಸಮಿತಿ ರಚಿಸಿ ದಾಖಲಾತಿ ಮಾಡಬೇಕೆನ್ನುತ್ತದೆ. ನಿಮ್ಮ ಪಂಚಾಯಿತಿಯ ದಾಖಲಾತಿಯಲ್ಲಿ ಕಲ್ಲುಹಾಸಿನ ಗಿಡಗಳ ಒಂದು ಸಾಲಾದರೂ ಇದೆಯೇ, ಹೋಗಿ ನೋಡಿ.

ಹುಡುಗ ಆ ಹಿರಿಯರಿಗೆ ಉತ್ತರ ಬರೆದ. ಗಡ್ಡೆ ಕಳಿಸಲಾರೆ, ತಾವು ಕೊಡುವೆನೆಂದ ಐದು ಸಸಿಗಳು ಬೀಜದಿಂದ ಬಂದವೇ, ಯಾರ ಬೀಜ, ಚೀಟಿ ಇದೆಯೇ ಎಂದು ವಿನಯದಿಂದಲೇ ಕೇಳಿದ. ಅವರಿಂದ ಉತ್ತರ ಬರಲಿಲ್ಲ. ಬಳಗದ ಇನ್ನೊಬ್ಬ ಸದಸ್ಯೆ, ಯಾರೂ ಕೇಳದೆಯೇ, ತಮ್ಮ ಗಿಡದಲ್ಲಿ ಕಟ್ಟಿದ ಕಾಯಿಯ ಇಪ್ಪತ್ತು ಬೀಜಗಳನ್ನು ತಾಯಿಗಿಡದ ವಿವರದೊಂದಿಗೆ ಅವನಿಗೆ ಕಳಿಸಿದ್ದಾರೆ. ಹದಿನಾಲ್ಕು ಮೊಳೆತು, ಸಾಸಿವೆಗಿಂತ ತುಸು ದೊಡ್ಡದಾಗಿ ನಮ್ಮ ಜಗಲಿಯಂಚಿನಲ್ಲಿ ಕೂತಿವೆ.

ಬರುವ ಮಳೆಗಾಲದಲ್ಲಿ, ಗಣೇಶ ಚೌತಿಯ ನಂತರದ ಮೊದಲ ಭಾನುವಾರ, ಕಲ್ಲುಹಾಸಿನ ಗಿಡಗಳನ್ನು ಎಣಿಸಿ ಪಂಚಾಯಿತಿಯ ದಾಖಲಾತಿಗೆ ಸೇರಿಸಲು ಹೊರಡುವವರಿದ್ದೇವೆ. ಆಸಕ್ತ ವಿದ್ಯಾರ್ಥಿಗಳು, ಊರವರು ಜೊತೆಯಾಗಬೇಕು. ಕೊಡೆ, ಭೂತಗನ್ನಡಿ, ನೋಟುಪುಸ್ತಕ ತನ್ನಿ. ಪಿಕಾಸಿ ಬೇಡ.