ಹಾಡುಗಾರರ ಕಟ್ಟುಪಾಡು: ಐವತ್ತು ವರ್ಷಗಳ ಸಿಂಹಾವಲೋಕನ

ಹಾಡಿ ಮಂತ್ರ ಹಾಕುವವನಿಗೆ ಕಟ್ಟುಪಾಡು ಏನಿರಬೇಕು ಎಂಬ ಪ್ರಶ್ನೆಗೆ ಅಮೆರಿಕದ ಒಂದು ಪುಟ್ಟ ಪತ್ರಿಕೆ ಉತ್ತರ ಬರೆದು ಅರ್ಧ ಶತಮಾನವಾಯಿತು. ‘ದ ಸ್ಟ್ರಾಟೆಜಿಕ್ ರಿವ್ಯೂ’ ಪತ್ರಿಕೆಯ 1976ರ ಫೆಬ್ರುವರಿ ಸಂಚಿಕೆಯಲ್ಲಿ ಡಗ್ ಶ್ವೆಗ್‌ಮನ್ ಎಂಬವರು ‘ಬಾರ್ಡ್’ ಎಂಬ ಪಾತ್ರವರ್ಗಕ್ಕೆ ನಿಯಮ ರೂಪಿಸಿದರು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟಕ್ಕೆ ಸೇರಿದ ಪಾತ್ರ ಅದು. ನಾಲ್ಕಾರು ಮಂದಿ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಒಂದು ಕಥೆಯನ್ನು ಬಾಯಲ್ಲೇ ಕಟ್ಟುತ್ತ ಹೋಗುವ ಆಟ. ಒಬ್ಬ ಯೋಧ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ. ಇವರ ನಡುವೆ ವಾದ್ಯ ಹಿಡಿದ ಹಾಡುಗಾರನೊಬ್ಬ. ಅವನು ಹಾಡಿದರೆ ಜೊತೆಗಾರರಿಗೆ ಧೈರ್ಯ ಬರುತ್ತದೆ, ಎದುರಾಳಿ ಮೈಮರೆಯುತ್ತಾನೆ. ಕೆಲ್ಟಿಕ್ ನಾಡಿನ ಬಾರ್ಡ್, ನಾರ್ವೆ ಕಡೆಯ ಸ್ಕಾಲ್ಡ್, ದಕ್ಷಿಣ ಯುರೋಪಿನ ಅಲೆಮಾರಿ ಗಾಯಕ, ಈ ಮೂವರನ್ನೂ ಸೇರಿಸಿ ಶ್ವೆಗ್‌ಮನ್ ಒಬ್ಬನನ್ನು ಮಾಡಿದ್ದರು.

ಬೆಂಗಳೂರಿಗೆ ಓದಲು, ದುಡಿಯಲು ಹೋದ ನಮ್ಮ ಮಕ್ಕಳಲ್ಲೂ ಈ ಆಟ ಆಡುವವರಿದ್ದಾರೆ. ಆದರೆ ನಮ್ಮ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಜನ ಈ ಲೆಕ್ಕಾಚಾರಕ್ಕೆ ಕೂರಬೇಕಾದ ಕಾರಣ ಬೇರೆ ಇದೆ. ಹಾಡಿಗೆ, ನುಡಿಗೆ, ಚರ್ಮವಾದ್ಯದ ಸದ್ದಿಗೆ ಬಲವಿದೆ ಎಂದು ಆಟಕ್ಕಾಗಿ ಅಲ್ಲ, ಬದುಕಿಗಾಗಿಯೇ ನಂಬಿದ ಸೀಮೆ ಇದು. ಇಲ್ಲಿ ಮೈಲಾರಲಿಂಗನ ಗೊರವರಿದ್ದಾರೆ, ಎಲ್ಲಮ್ಮನ ಜೋಗತಿಯರಿದ್ದಾರೆ. ಮ್ಯಾಸನಾಯಕರ ಹಟ್ಟಿಗಳಲ್ಲಿ ಉರುಮೆ ಬಾರಿಸದೆ ದೇವರು ಏಳುವುದಿಲ್ಲ. ಶ್ವೆಗ್‌ಮನ್ ನಿಯಮ ಬರೆಯುವುದಕ್ಕೆ ಒಂದು ವರ್ಷ ಮೊದಲು, 1975ರಲ್ಲಿ, ಹುಲಿಗಿಯ ಹುಲಿಗೆಮ್ಮನ ಗುಡಿಯಲ್ಲಿ, ಮುಂದೆ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ಅವರಿಗೆ ದೀಕ್ಷೆಯಾಯಿತು. ಈ ಎರಡು ಸಾಲುಗಳನ್ನು ಅಕ್ಕಪಕ್ಕ ಇಟ್ಟು ಐವತ್ತು ವರ್ಷವನ್ನು ತಿರುಗಿ ನೋಡಬೇಕೆನಿಸಿದೆ.

ಮೊದಲು ಆಟದ ಕಡೆಯದು. 1978ರ ನಿಯಮಪುಸ್ತಕದಲ್ಲಿ ಬಾರ್ಡ್ ಆಗುವುದು ಸುಲಭವಿರಲಿಲ್ಲ. ಶಕ್ತಿ, ವಿವೇಕ, ಚುರುಕುತನ, ವರ್ಚಸ್ಸು ನಾಲ್ಕರಲ್ಲೂ ಕನಿಷ್ಠ 15 ಅಂಕ ಬೇಕಿತ್ತು. ಮೊದಲು ಯೋಧನಾಗಿ ಐದಾರು ಮೆಟ್ಟಿಲು ಏರಬೇಕು, ಅದನ್ನು ಬಿಟ್ಟು ಕಳ್ಳನಾಗಬೇಕು, ಅದನ್ನೂ ಬಿಟ್ಟು ಕಾಡಿನ ಪೂಜಾರಿಗಳ ಕೈಕೆಳಗೆ ಕಲಿಯಬೇಕು. 1989ರ ಆವೃತ್ತಿ ಈ ಸುತ್ತುದಾರಿಯನ್ನು ತೆಗೆದುಹಾಕಿತು. 2000ದ ಆವೃತ್ತಿ ಹಾಡಿನ ಪರಿಣಾಮಗಳನ್ನು ಬಿಡಿಬಿಡಿಯಾಗಿ ಪಟ್ಟಿ ಮಾಡಿತು. 2014ರದು ಬಾರ್ಡ್‌ನನ್ನು ಪೂರ್ತಿ ಮಾಂತ್ರಿಕನ ಸಾಲಿಗೆ ಏರಿಸಿತು. ಈಗ ಅವನು ಜೊತೆಗಾರನಿಗೆ ಒಂದು ದಾಳವನ್ನೇ ಉಡುಗೊರೆ ಕೊಡುತ್ತಾನೆ, ಕಷ್ಟದ ಗಳಿಗೆಯಲ್ಲಿ ಆತ ಅದನ್ನು ಉರುಳಿಸಿ ತನ್ನ ಲೆಕ್ಕಕ್ಕೆ ಕೂಡಿಸಿಕೊಳ್ಳಬಹುದು. ಸೊಗಸಾದ ಕಲ್ಪನೆ ಅದು. ಹಾಡು ಹಾಡಿದವನ ಬಳಿ ಉಳಿಯುವುದಿಲ್ಲ, ಕೇಳಿದವನ ಕೈಯಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು ಅವರು ಸರಿಯಾಗಿಯೇ ಹಿಡಿದಿದ್ದಾರೆ. ಆದರೆ ಐವತ್ತು ವರ್ಷದ ದಿಕ್ಕು ಸ್ಪಷ್ಟ: ಹಾಡುಗಾರ ಏನೇನು ಮಾಡಬಲ್ಲ ಎಂಬ ಪಟ್ಟಿ ಬೆಳೆಯುತ್ತ ಬಂತು, ಅವನು ಏನನ್ನು ಬಿಡಬೇಕು ಎಂಬ ಪಟ್ಟಿ ಸವೆಯುತ್ತ ಹೋಯಿತು.

ನಮ್ಮ ಕಡೆಯ ಕಟ್ಟುಪಾಡು ಇದಕ್ಕೆ ತಿರುಗುಮುರುಗು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಅದನ್ನು ಕಣ್ಣಾರೆ ಕಾಣಬಹುದು. ತುಂಗಭದ್ರೆಯ ದಂಡೆಯ ಈ ಊರಿಗೆ ಭರತ ಹುಣ್ಣಿಮೆಗೆ ಹಾವೇರಿ, ಗದಗ, ದಾವಣಗೆರೆ ಸೀಮೆಗಳಿಂದ ಚಕ್ಕಡಿ ಕಟ್ಟಿಕೊಂಡು, ಈಗೀಗ ಟ್ರ್ಯಾಕ್ಟರ್‌ಗಳಲ್ಲಿ, ಲಕ್ಷಗಟ್ಟಲೆ ಮಂದಿ ಬಂದು ಇಳಿಯುತ್ತಾರೆ. ಕರಿ ಕಂಬಳಿ, ಕೊರಳಲ್ಲಿ ಕವಡೆ ಸರ, ಕೈಯಲ್ಲಿ ಡಮರುಗ, ಸೊಂಟಕ್ಕೆ ಭಂಡಾರದ ಚೀಲ ಕಟ್ಟಿದ ಗೊರವರು ಬೀದಿ ಬೀದಿಯಲ್ಲಿ ‘ಏಳುಕೋಟಿ’ ಎಂದು ಕೂಗುತ್ತಾರೆ. ಹರಕೆ ಹೊತ್ತವರು ದೋಣಿ ಎಂಬ ಪಾತ್ರೆಗೆ ಬಾಳೆಹಣ್ಣು, ಹಾಲು, ತುಪ್ಪ, ಸಕ್ಕರೆ ಹಾಕಿದರೆ ಗೊರವರು ಸುತ್ತ ಕೂತು ಮೈಲಾರನ ನಾಯಿಗಳಂತೆ ಬೊಗಳಿ ಬಾಯಿಂದಲೇ ತಿನ್ನುತ್ತಾರೆ. ದೇವರ ನುಡಿಯನ್ನು ಬಾಯಲ್ಲಿ ಹೊರುವ ಬಳಗ ಮೊದಲು ಆ ದೇವರ ನಾಯಿಯಾಗಬೇಕು ಎಂಬುದು ಇಲ್ಲಿನ ಮೊದಲ ನಿಯಮ.

ಹುಣ್ಣಿಮೆ ಕಳೆದ ಮೇಲೆ ಒಂದು ಸಂಜೆ ಡೆಂಕನಮರಡಿಯಲ್ಲಿ ಕಾರಣಿಕ ಎಂಬ ಭವಿಷ್ಯನುಡಿ. ಮೈಲಾರಲಿಂಗ ಮಣಿಕಾಸುರ, ಮಲ್ಲಾಸುರರನ್ನು ಕೊಂದ ಕಥೆಯ ನೆನಪಿನ ಜಾಗ ಅದು. ಕಾರಣಿಕ ನುಡಿಯುವ ಗೊರವಯ್ಯ ದಿನಗಟ್ಟಲೆ ಉಪವಾಸವಿದ್ದು ಅಲ್ಲಿಗೆ ಬಂದಿರುತ್ತಾನೆ. ಎತ್ತರದ ಬಿಲ್ಲನ್ನು ಗೊರವರು ನೆಟ್ಟಗೆ ಹಿಡಿಯುತ್ತಾರೆ. ಅವನು ಸರಸರನೆ ಏರುತ್ತಾನೆ. ತುದಿಯಲ್ಲಿ ನಿಂತು ಆಕಾಶ ನೋಡುತ್ತಾನೆ. ‘ಸದ್ದಲೇ’ ಎಂದು ಕೂಗುತ್ತಾನೆ. ಕೆಳಗಿರುವುದು ಒಂದಿಡೀ ಊರು ಅಲ್ಲ, ಹತ್ತು ತಾಲ್ಲೂಕಿನ ಜನಸಾಗರ. ಡಮರುಗ, ಕೂಗು, ಮಕ್ಕಳ ಅಳು, ಮಾರುವವರ ಕರೆ ಎಲ್ಲ ಒಂದೇ ಏಟಿಗೆ ನಿಲ್ಲುತ್ತದೆ. ಆಗ ಒಂದೇ ಒಂದು ಸಾಲು, ಕೊನೆಗೆ ಒಂದು ಪರಾಕು. ನುಡಿದವನೇ ಕೈಬಿಟ್ಟು ಹಿಂದಕ್ಕೆ ಬೀಳುತ್ತಾನೆ, ಕೆಳಗಿನ ಗೊರವರು ಹಿಡಿದುಕೊಳ್ಳುತ್ತಾರೆ. ಆ ಸಾಲಿನ ಅರ್ಥ ಹೇಳುವ ಹಕ್ಕು ಅವನದಲ್ಲ. ಅದು ಮಳೆಗೆ ಅಂದದ್ದೋ, ಬೆಳೆಗೆ ಅಂದದ್ದೋ, ರಾಜಕೀಯಕ್ಕೆ ಅಂದದ್ದೋ ಎಂದು ಕಟ್ಟೆಯ ಮೇಲೆ, ಬಸ್ಸಿನಲ್ಲಿ, ಹೊಲದ ಬದುವಿನಲ್ಲಿ ವರ್ಷವಿಡೀ ಜನ ಬಿಡಿಸುತ್ತಾರೆ.

ಇದರಲ್ಲಿ ಎಷ್ಟು ನಿಯಮಗಳಿವೆ ನೋಡಿ. ಉಣ್ಣದಿರುವುದು ಅವನ ಪಾಲು. ಬಿಲ್ಲು ಅಲುಗದಂತೆ ಹಿಡಿಯುವುದು, ಬಿದ್ದಾಗ ಹಿಡಿಯುವುದು ಜೊತೆಯವರ ಪಾಲು. ಸುಮ್ಮನಾಗುವುದು ಕೇಳುವವರ ಪಾಲು. ನುಡಿ ಒಂದೇ ಸಲ, ಒಂದೇ ಸಾಲು. ಎರಡನೆಯ ಅವಕಾಶವಿಲ್ಲ, ವಿವರಣೆಯಿಲ್ಲ. ಕಾರಣಿಕ ನಿಜವಾಗುತ್ತದೆಯೇ ಎಂಬ ವಾದ ಇಲ್ಲಿ ನಮಗೆ ಮುಖ್ಯವಲ್ಲ. ಒಬ್ಬ ಮನುಷ್ಯನ ಒಂದು ವಾಕ್ಯ ಇಷ್ಟು ದೊಡ್ಡ ಜನರಾಶಿಯ ಬಾಯಲ್ಲಿ ಒಂದು ವರ್ಷ ಉಳಿಯುತ್ತದೆ ಎಂಬುದು ನಂಬುವವರಿಗೂ ನಂಬದವರಿಗೂ ಕಾಣುವ ಸಂಗತಿ. ಆ ಬಲವನ್ನು ಹುಟ್ಟಿಸಿದ್ದು ಅವನ ಕಂಠವಲ್ಲ, ಅವನನ್ನೂ ನಮ್ಮನ್ನೂ ಕಟ್ಟಿಹಾಕಿದ ಕಟ್ಟುಪಾಡು.

ಜೋಗತಿಯರದೂ ಹೀಗೆಯೇ. ಮೈಮೇಲೆ ಎಲ್ಲಮ್ಮನ ಮುತ್ತು, ತಲೆಯ ಮೇಲೆ ಕೊಡ ಇಲ್ಲವೇ ದೇವಿಯ ಜಗ, ಕೈಯಲ್ಲಿ ಪಡಲಿಗೆ. ಮಂಗಳವಾರ, ಶುಕ್ರವಾರ ಮನೆಮನೆಗೆ ಹೋಗಿ ಜೋಗ ಬೇಡುವುದು ವ್ರತ. ಅವರ ವಾದ್ಯವಾದ ಚೌಡಿಕೆ ನೋಡಲು ಬಲು ಸರಳ: ಒಂದು ಬದಿಗೆ ಚರ್ಮ ಬಿಗಿದ ಮರದ ಕೊಳಗ, ಚರ್ಮದ ನಡುವಿನಿಂದ ಹೊರಟ ಒಂದೇ ತಂತಿ. ಕೊಳಗವನ್ನು ಕಂಕುಳಲ್ಲಿ ಇರುಕಿ, ತಂತಿಯ ತುದಿಯನ್ನು ಒಂದು ಕೈಯಲ್ಲಿ ಎಳೆದು ಹಿಡಿದು ಇನ್ನೊಂದು ಕೈಯಿಂದ ಮೀಟುತ್ತಾರೆ. ಬಿಗಿ ಹೆಚ್ಚಿದಷ್ಟೂ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಸ್ವರದ ಮೆಟ್ಟಿಲುಗಳೇ ಇಲ್ಲದ ಈ ವಾದ್ಯದಲ್ಲಿ ಸ್ವರಸ್ಥಾನವೆಲ್ಲ ಎಳೆಯುವ ಕೈಯ ನರಗಳಲ್ಲಿ ಇರುತ್ತದೆ. ಹೊಸಪೇಟೆ ಹಾದಿಯ ಮರಿಯಮ್ಮನಹಳ್ಳಿಯಲ್ಲಿ ಕಾಳವ್ವ ಜೋಗತಿ ಅವರಿಂದ ಮಂಜಮ್ಮ ಕಲಿತದ್ದು ಈ ವಿದ್ಯೆಯನ್ನು, ತಲೆಯ ಮೇಲಿನ ಕೊಡವನ್ನು ಕೈ ಮುಟ್ಟಿಸದೆ ಕುಣಿಯುವ ವಿದ್ಯೆಯನ್ನು.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಲೇಬೇಕು. ತಾನಾಗಿ ಹೊರುವ ಕಟ್ಟುಪಾಡು ಬೇರೆ, ಬೇರೆಯವರ ಮಗುವಿನ ಕೊರಳಿಗೆ ಹಾಕುವ ಕಟ್ಟುಪಾಡು ಬೇರೆ. ಮುತ್ತು ಕಟ್ಟುವ ಹೆಸರಿನಲ್ಲಿ ಬಡವರ, ದಲಿತರ ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಮಾಡಿದ ಪಾಪದಲ್ಲಿ ನಮ್ಮ ತಾಲ್ಲೂಕುಗಳ ಪಾಲು ಸಣ್ಣದಲ್ಲ. 1982ರಲ್ಲಿ ರಾಜ್ಯ ಇದನ್ನು ಕಾನೂನಿನಿಂದ ನಿಷೇಧಿಸಿತು. ಆಮೇಲೆ ಸರ್ಕಾರ ಎರಡು ಸಲ ನಡೆಸಿದ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಗುರುತಾದ ದೇವದಾಸಿಯರು 46 ಸಾವಿರಕ್ಕೂ ಹೆಚ್ಚು. ಕಾನೂನು ಬಂದಮೇಲೂ ಕದ್ದುಮುಚ್ಚಿ ನಡೆದದ್ದನ್ನು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯ ಹೆಣ್ಣುಮಕ್ಕಳೇ ಬೀದಿಗೆ ಬಂದು ಹೇಳಿದರು, ಸಂಘಟನೆ ಕಟ್ಟಿ ತಡೆದರು. ಐವತ್ತು ವರ್ಷದ ಲೆಕ್ಕದಲ್ಲಿ ನಾವು ಹೆಮ್ಮೆಪಡಬೇಕಾದ ಮೊದಲ ಬಾಬತ್ತು ಇದು. ಈ ನಿಯಮ ಹೋದದ್ದರಿಂದ ಚೌಡಿಕೆಯ ಪದಗಳಿಗೆ ಏನೂ ಕಡಿಮೆಯಾಗಿಲ್ಲ. ಸಂಪ್ರದಾಯ ಉಳಿಯಬೇಕೆಂದು ಮುತ್ತು ಕಟ್ಟುವುದನ್ನು ಸಮರ್ಥಿಸುವವರ ಮಾತನ್ನು ಒಪ್ಪಲು ಸಾಧ್ಯವೇ ಇಲ್ಲ.

ಎರಡನೆಯ ಬಾಬತ್ತು ಮನ್ನಣೆ. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಹುಟ್ಟಿತು. ಜನಪದ ಮಹಾಕಾವ್ಯಗಳು ಅಚ್ಚಾದವು. ಅಕ್ಷರ ಕಲಿಯದ ಬುರ್ರಕಥೆಯ ಹಾಡುಗಾರ್ತಿ ದರೋಜಿ ಈರಮ್ಮ ಹನ್ನೆರಡು ಕಾವ್ಯಗಳನ್ನು ನೆನಪಿನಿಂದಲೇ ಹಾಡಬಲ್ಲವರಾಗಿದ್ದರು. ಅದೇ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಹೋದಾಗ ಸೀರೆಯ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದರು. ಇಡೀ ದೇಶ ಅದನ್ನು ನೋಡಿತು. ಜೋಗತಿ ಬಾಗಿಲಿಗೆ ಬಂದಾಗ ಹರಸಿ ಹೋಗಬೇಕೆಂಬ ನಿಯಮವನ್ನು ಅವರು ಅಲ್ಲಿಯೂ ಬಿಡಲಿಲ್ಲ. ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ಅವರ ಆತ್ಮಕಥೆ ‘ನಡುವೆ ಸುಳಿವ ಹೆಣ್ಣು’ ಓದಿದವರಿಗೆ ಆ ಸೆರಗಿನ ಹಿಂದೆ ಎಷ್ಟು ಹಸಿವು, ಎಷ್ಟು ಅವಮಾನ ಇತ್ತೆಂಬುದು ಗೊತ್ತು.

ಮೂರನೆಯ ಬಾಬತ್ತಿಗೆ ಬಂದರೆ ಮನಸ್ಸು ಕುಗ್ಗುತ್ತದೆ. ಈರಮ್ಮ ತೀರಿಕೊಂಡದ್ದು 2014ರ ಆಗಸ್ಟ್ 12ರಂದು. ಬಾರ್ಡ್‌ನನ್ನು ಪೂರ್ಣ ಮಾಂತ್ರಿಕನನ್ನಾಗಿಸಿದ ಆ ನಿಯಮಪುಸ್ತಕ ಹೊರಬಂದದ್ದೂ ಅದೇ ತಿಂಗಳು. ಆ ಪುಸ್ತಕವನ್ನು ಈಗ ಲೋಕದ ಮೂಲೆಮೂಲೆಯ ಹುಡುಗರು ಬಾಯಿಪಾಠ ಹೇಳುತ್ತಾರೆ. ಈರಮ್ಮನ ಹನ್ನೆರಡು ಕಾವ್ಯಗಳಲ್ಲಿ ಒಂದನ್ನಾದರೂ ಮೊದಲಿನಿಂದ ಕೊನೆಯವರೆಗೆ ಕೂತು ಕೇಳಿದ ಇಪ್ಪತ್ತರ ಹರೆಯದವರು ನಮ್ಮ ಕಾಲೇಜುಗಳಲ್ಲಿ ಎಷ್ಟು ಮಂದಿ? ಪ್ರಶಸ್ತಿ ಕೊಡುವುದನ್ನು ಕಲಿತೆವು, ಕೇಳುವುದನ್ನು ಮರೆತೆವು. ಸಾಂಸ್ಕೃತಿಕ ಕಾರ್ಯಕ್ರಮಗಳಲ್ಲಿ ಚೌಡಿಕೆ ಮೇಳಕ್ಕೆ ಏಳು ನಿಮಿಷ, ಗೊರವರ ಕುಣಿತಕ್ಕೆ ಮೆರವಣಿಗೆಯ ಮುಂದೆ ಒಂದು ಜಾಗ. ರಾತ್ರಿಯಿಡೀ ಬಿಚ್ಚಿಕೊಳ್ಳಬೇಕಾದ ಕಥೆಗೆ ಏಳು ನಿಮಿಷ ಕೊಟ್ಟರೆ ಉಳಿಯುವುದು ವೇಷವೊಂದೇ. ಹಾಡುಗಾರರು ತಮ್ಮ ಪಾಲಿನ ನಿಯಮ ಬಿಟ್ಟಿಲ್ಲ. ಅಕ್ಕಿ ಜೋಳ ಕೊಡುವುದು, ಜಾಗ ಕೊಡುವುದು, ಬಾಯಿ ಮುಚ್ಚಿ ಕೇಳುವುದು ಎಂಬ ನಮ್ಮ ಪಾಲಿನ ನಿಯಮವನ್ನು ನಾವು ಬಿಟ್ಟೆವು. ಈ ಐವತ್ತು ವರ್ಷಗಳಲ್ಲಿ ಆದ ನಿಜವಾದ ನಷ್ಟ ಇದು, ಇದರ ಹೊಣೆಯನ್ನು ಅಕಾಡೆಮಿಗಳ ಮೇಲೆ ಮಾತ್ರ ಹೊರಿಸಿ ಕೈತೊಳೆದುಕೊಳ್ಳಲಾಗದು.

ಈ ಸೀಮೆಯ ಆಡಳಿತದ ಗೆರೆಗಳು ನಮ್ಮ ಕಣ್ಣೆದುರೇ ಹಲವು ಸಲ ಬದಲಾದವು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು. ಕೊಟ್ಟೂರು ತಾಲ್ಲೂಕಾಯಿತು. 2021ರಲ್ಲಿ ಎಲ್ಲ ಸೇರಿ ವಿಜಯನಗರ ಜಿಲ್ಲೆಯಾಯಿತು. ಹೊಸ ಜಿಲ್ಲೆಗೆ ಹಂಪಿಯ ಕಲ್ಲಿನ ರಥ ಗುರುತಾಗಿ ಸಾಕಷ್ಟು ಸಿಕ್ಕಿದೆ. ಗೊರವ, ಜೋಗತಿ, ಉರುಮೆಯವರ ಊರುವಾರು ಪಟ್ಟಿ, ಅವರ ಹಾಡುಗಳ ಧ್ವನಿಮುದ್ರಣ, ಅವರಿಂದ ಕಲಿಯುವವರಿಗೆ ವಿದ್ಯಾರ್ಥಿವೇತನ ಇವು ಜಿಲ್ಲೆಯ ಮುಂದಿನ ಕೆಲಸವಾಗಬೇಕು. ಗುರುವಿನ ಮನೆಯಲ್ಲೇ ಕಲಿಯುವ ವ್ಯವಸ್ಥೆ ಇರಲಿ; ಎರಡು ದಿನದ ಶಿಬಿರದಲ್ಲಿ ಚೌಡಿಕೆಯ ತಂತಿ ಎಳೆಯುವ ಹದ ಕೈಗೆ ಬರುವುದಿಲ್ಲ.

ಮೇಜಿನ ಆಟ ಆಡುವ ನಮ್ಮ ಹುಡುಗ ಹುಡುಗಿಯರಿಗೂ ಒಂದು ಮಾತು. ನೀವು ಆಡುವುದನ್ನು ನಾವು ಹಗುರವಾಗಿ ಕಾಣುವುದಿಲ್ಲ. ನಾಲ್ಕು ತಾಸು ಫೋನು ಬದಿಗಿಟ್ಟು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳುತ್ತ ಕಥೆ ಕಟ್ಟುವುದು ಈ ಕಾಲದಲ್ಲಿ ದೊಡ್ಡ ಸಂಗತಿ. ಆ ಆಟಕ್ಕೆ ನಮ್ಮ ನೆಲದ ಪಾತ್ರವೊಂದನ್ನು ಕನ್ನಡದಲ್ಲಿ ಬರೆಯಿರಿ. ಗೊರವನಿಗೆ ಬರೀ ಶಕ್ತಿ ಕೊಡಬೇಡಿ. ಉಪವಾಸವಿಲ್ಲದೆ ಬಿಲ್ಲು ಏರದಂತೆ, ಜೊತೆಗಾರರು ಹಿಡಿಯದಿದ್ದರೆ ನುಡಿ ಫಲಿಸದಂತೆ, ಮೇಜಿನ ಸುತ್ತ ಎಲ್ಲರೂ ಸುಮ್ಮನಾಗದೆ ಅವನು ಬಾಯಿ ತೆರೆಯದಂತೆ ನಿಯಮ ಮಾಡಿ. ನುಡಿ ಒಂದೇ ಸಾಲು ಇರಲಿ, ಅದರ ಅರ್ಥವನ್ನು ಉಳಿದವರು ಬಿಡಿಸಲಿ. ಆದರೆ ಬರೆಯುವ ಮೊದಲು ಒಮ್ಮೆ ಮೈಲಾರಕ್ಕೆ ಹೋಗಿ ಬನ್ನಿ, ಗೊರವರೊಂದಿಗೆ ಕೂತು ಮಾತಾಡಿ. ಅವರು ಬದುಕಿರುವ ಜನ, ಅವರ ದೈವ ಜೀವಂತ ದೈವ. ಹರಪನಹಳ್ಳಿಯ ಅಂಗಡಿಯವನೂ ಹಡಗಲಿಯ ಕುರಿಗಾಹಿಯೂ ಇಂದಿಗೂ ಕೈಮುಗಿಯುವ ದೈವ.

ಓದುಗರಲ್ಲಿ ಕಡೆಯದಾಗಿ ಒಂದು ಕೋರಿಕೆ. ನಿಮ್ಮ ಮನೆಯ ಅಟ್ಟದ ಮೇಲೆ, ಹಳೆಯ ಟ್ರಂಕಿನಲ್ಲಿ ಚೌಡಿಕೆ ಪದದ, ಬುರ್ರಕಥೆಯ, ಕಾರಣಿಕದ ಕ್ಯಾಸೆಟ್ಟುಗಳಿದ್ದರೆ ಎಸೆಯಬೇಡಿ. ಟೇಪು ಬೂಸಲು ಹಿಡಿಯುವ ಮೊದಲು, ಹಾಡಿದವರ ಹೆಸರು, ಊರು, ನೆನಪಿದ್ದರೆ ಇಸವಿ ಒಂದು ಚೀಟಿಯಲ್ಲಿ ಬರೆದು, ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ತಲುಪಿಸಿ. ಹಾಡುವವರು ನಿಮ್ಮ ಊರಲ್ಲೇ ಇದ್ದರೆ ಈ ಬೇಸಿಗೆ ಮುಗಿಯುವುದರೊಳಗೆ ಮನೆಗೆ ಕರೆದು, ಹೊಟ್ಟೆತುಂಬ ಉಣಬಡಿಸಿ, ಒಂದು ರಾತ್ರಿ ಪೂರ್ತಿ ಕೇಳಿ.