ಅಂಟುವುದೇ ಅಪರಾಧವೇ?

ಡಿಎನ್‌ಎಗೆ ಅಂಟುವ ಪ್ರೋಟೀನನ್ನು ಶುದ್ಧೀಕರಿಸಲು ಹೊರಟವರಿಗೆ ಸಿಗುವ ಮೊದಲ ಸಲಹೆ ‘ಉಪ್ಪು ಹೆಚ್ಚಿಸಿ’. ಎರಡನೆಯದು ‘ಸ್ಪರ್ಧಿ ಡಿಎನ್‌ಎ ಇನ್ನಷ್ಟು ಹಾಕಿ’, ಅಂದರೆ ಅಡ್ಡಾದಿಡ್ಡಿ ಅಂಟನ್ನು ತನ್ನತ್ತ ಸೆಳೆದುಕೊಳ್ಳುವ ಬೇರೆ ಡಿಎನ್‌ಎ. ಸಿಕ್ಕಸಿಕ್ಕಲ್ಲಿ ಅಂಟುವುದು ಕಾಟ, ಅದನ್ನು ಸೊನ್ನೆಗೆ ಇಳಿಸಬೇಕು ಎಂಬ ನಂಬಿಕೆ ಇವೆರಡರ ಹಿಂದಿದೆ. ಸಲಹೆ ಕೊಡುವವರ ಅನುಭವದ ಮೇಲೆ ನನಗೆ ಗೌರವವಿದೆ; ತಕರಾರು ಆ ಸೊನ್ನೆಯ ಬಗ್ಗೆ ಮಾತ್ರ.

ಡಿಎನ್‌ಎಯ ಬೆನ್ನೆಲುಬಿನ ತುಂಬ ಫಾಸ್ಫೇಟಿನ ಋಣ ಆವೇಶ. ಅದನ್ನು ಹಿಡಿಯುವ ಪ್ರೋಟೀನಿನ ಮೈಯಲ್ಲಿ ಸಾಮಾನ್ಯವಾಗಿ ಲೈಸಿನ್, ಆರ್ಜಿನಿನ್‌ಗಳ ಧನ ಆವೇಶ. ಇಷ್ಟಿದ್ದ ಮೇಲೆ ತನ್ನ ತಾಣವಲ್ಲದ ಕಡೆಯೂ ಅದು ಅಂಟದೇ ಇದ್ದೀತೆ? ಇದು ಕೊಳೆಯಲ್ಲ, ಸ್ವಭಾವ. ಜೀವಕೋಶಕ್ಕೆ ಇದರಿಂದ ಲಾಭವೂ ಉಂಟು. ಡಿಎನ್‌ಎ ಹಿಡಿಯುವ ಪ್ರೋಟೀನಾದ ಲ್ಯಾಕ್ ರಿಪ್ರೆಸರ್ ತನ್ನ ತಾಣವನ್ನು ಸೇರುವ ವೇಗವನ್ನು 1970ರಲ್ಲಿ ಅಳೆದಾಗ, ದ್ರಾವಣದಲ್ಲಿ ಅಲೆದಾಡಿ ಡಿಕ್ಕಿ ಹೊಡೆಯುವುದರಿಂದ ಮಾತ್ರ ಅಷ್ಟು ವೇಗ ಸಾಧ್ಯವಿಲ್ಲ ಎಂದು ಕಂಡಿತು. ಎಲ್ಲೋ ಸಡಿಲವಾಗಿ ಅಂಟಿ, ಎಳೆಯ ಮೇಲೆ ಜಾರುತ್ತ ಹುಡುಕುತ್ತದೆ ಎಂಬ ವಿವರಣೆಯನ್ನು 1981ರಲ್ಲಿ ಬರ್ಗ್, ವಿಂಟರ್, ಫಾನ್ ಹಿಪ್ಪಲ್ ಬಲಪಡಿಸಿದರು.

ಉಪ್ಪು ಎರಡೂ ಬಗೆಯ ಹಿಡಿತವನ್ನು, ಅಂದರೆ ತನ್ನ ತಾಣದ ಮೇಲಿನದನ್ನೂ ಅಡ್ಡಾದಿಡ್ಡಿಯದನ್ನೂ, ಸಡಿಲಿಸುತ್ತದೆ. ಲ್ಯಾಕ್ ರಿಪ್ರೆಸರ್‌ನಂಥವುಗಳಲ್ಲಿ ಅಡ್ಡಾದಿಡ್ಡಿ ಹಿಡಿತ ಬೇಗ ಬಿಡುತ್ತದೆ. ಆ ಅಂತರವೇ ನಮ್ಮ ಬಂಡವಾಳ. ಅದನ್ನು ಮೀರಿ ಉಪ್ಪು ಸುರಿದರೆ ಬೇಕಾದದ್ದೂ ಕೊಚ್ಚಿಹೋಗುತ್ತದೆ, ಜೊತೆಗಾರ ಪ್ರೋಟೀನುಗಳಂತೂ ಮೊದಲೇ.

1975ರಲ್ಲಿ ಬರ್ಜೆಸ್ ಮತ್ತು ಜೆಂಡ್ರಿಸಾಕ್ ಈ.ಕೋಲೈಯ ಆರ್‌ಎನ್‌ಎ ಪಾಲಿಮರೇಸ್ ಶುದ್ಧೀಕರಿಸಿದ ರೀತಿ ನೋಡಿ. ಪಾಲಿಎಥಿಲೀನ್‌ಇಮೈನ್ ಹಾಕಿ ಕಡಿಮೆ ಉಪ್ಪಿನಲ್ಲಿ ಡಿಎನ್‌ಎಯನ್ನು ಕೆಳಗಿಳಿಸಿದರು. ಪಾಲಿಮರೇಸೂ ಗಸಿಯಲ್ಲೇ ಕೂತಿತು. ಅರ್ಧ ಮೋಲಾರ್ ಉಪ್ಪಿನಲ್ಲಿ ತೊಳೆದು ಬೇಡದ್ದನ್ನು ಕಳೆದರು, ಒಂದು ಮೋಲಾರ್‌ನಲ್ಲಿ ಪಾಲಿಮರೇಸನ್ನು ಬಿಡಿಸಿಕೊಂಡರು. ಮುಂದೆ ಡಿಎನ್‌ಎ-ಸೆಲ್ಯುಲೋಸ್ ಕಾಲಂ, ಅಂದರೆ ಮತ್ತೆ ಅದೇ ಅಂಟು. ಶತ್ರು ಎನಿಸಿಕೊಂಡದ್ದನ್ನೇ ಅವರು ಕೆಲಸಕ್ಕೆ ಹಚ್ಚಿದ್ದರು.

ಸ್ಪರ್ಧಿ ಡಿಎನ್‌ಎ ಬೇಡವೆಂದಲ್ಲ. ಕಡೊನಾಗ, ಟಿಯಾನ್ 1986ರಲ್ಲಿ ತೋರಿಸಿದ್ದು ಸೊಗಸಾದ ಉಪಾಯ: ಅದನ್ನು ಮೊದಲೇ ಪ್ರೋಟೀನಿನ ಜೊತೆ ಬೆರೆಸಿ, ಆಮೇಲೆ ನಿರ್ದಿಷ್ಟ ತಾಣಗಳುಳ್ಳ ಕಾಲಂಗೆ ಹರಿಸುವುದು. ಆದರೆ ಯಾವ ಸ್ಪರ್ಧಿ, ಎಷ್ಟು ಎಂದು ಕೇಳುವವರು ಕಡಿಮೆ. ಪಾಲಿ ಡಿಐ-ಡಿಸಿ ಎಂಬ ಕೃತಕ ಡಿಎನ್‌ಎ ಎಲ್ಲರ ಕೈಗೆ ಬರುತ್ತದೆ. ಅದರ ಕಿರಿ ಕಾಲುವೆ ಎ-ಟಿ ಜೋಡಿಯದನ್ನು ಹೋಲುವುದರಿಂದ, ಟಾಟಾ ತಾಣ ಹಿಡಿಯುವ ಟಿಬಿಪಿಯಂಥ ಪ್ರೋಟೀನನ್ನು ಅದೇ ಸೆಳೆದುಕೊಳ್ಳಬಹುದು. ಆಗ ಕಾಲಂ ಚೊಕ್ಕಟವಾಗಿ ಕಾಣುತ್ತದೆ, ಇಳುವರಿ ಮಾತ್ರ ಇರುವುದಿಲ್ಲ!

ಒಂದು ಕಡೆ ನಾನು ಸಲಹೆಗಾರರ ಪಕ್ಷ. ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಪ್ರೋಟೀನಿಗೆ ಅದರ ಡಿಎನ್‌ಎ ಅಂಟಿಕೊಂಡೇ ಹೊರಬಂದರೆ ಮುಂದಿನ ಬಂಧನ ಪರೀಕ್ಷೆ ಕೆಡುತ್ತದೆ. 260 ಮತ್ತು 280 ನ್ಯಾನೊಮೀಟರ್ ಹೀರಿಕೆಯ ಅನುಪಾತ ಶುದ್ಧ ಪ್ರೋಟೀನಿಗೆ ಸುಮಾರು 0.6, ಒಂದರ ಮೇಲೆ ಹೋಗಿದ್ದರೆ ನ್ಯೂಕ್ಲಿಯೇಸ್, ಹೆಚ್ಚು ಉಪ್ಪು, ಹೆಪಾರಿನ್ ಕಾಲಂ ಎಲ್ಲವೂ ಬೇಕು. ಹೆಪಾರಿನ್ ಕೂಡ ಋಣ ಆವೇಶದ ಸರಪಳಿಯೇ, ಪ್ರೋಟೀನು ಅದಕ್ಕೂ ಅಂಟುತ್ತದೆ. ಅಲ್ಲಿ ಉಪ್ಪನ್ನು ಒಮ್ಮೆಗೇ ಏರಿಸದೆ ಮೆಲ್ಲಗೆ ಏರಿಸಿ, ತೊಳೆದ ನೀರನ್ನೂ ಚೆಲ್ಲದೆ ಜೆಲ್‌ನಲ್ಲಿ ಓಡಿಸಿ ನೋಡಿ.