ಸೇವೆಗೆ ಸನ್ನದು ಬೇಡ, ವೃತ್ತಿಗೆ ಬೇಕು



ಕಳೆದ ಶ್ರಾವಣ ಮಾಸದಲ್ಲಿ ಬಸವೇಶ್ವರನಗರದ ಒಂದು ಮನೆಗೆ ಪೂಜೆಯ ನಿಮಿತ್ತ ಹೋಗಿದ್ದೆವು. ಪ್ರಸಾದವಾದ ಮೇಲೆ ಮನೆಯ ಯಜಮಾನರು ನಮ್ಮನ್ನು ಪಕ್ಕದ ಕೋಣೆಗೆ ಕರೆದು ತಮ್ಮ ದುಃಖವನ್ನು ತೋಡಿಕೊಂಡರು. ಅವರ ಮಗನಿಗೆ ಮೂರು ವರ್ಷಗಳಿಂದ ಮಾನಸಿಕ ಅಸ್ವಾಸ್ಥ್ಯ. ಪರಿಚಿತರೊಬ್ಬರ ಮಾತಿನ ಮೇಲೆ, ತಮ್ಮನ್ನು ‘ಸಮಾಜಸೇವಕಿ’ ಎಂದು ಹೇಳಿಕೊಂಡ ಮಹಿಳೆಯೊಬ್ಬರನ್ನು ಮನೆಗೆ ಬರಮಾಡಿಕೊಂಡರು. ಆಕೆ ವಾರಕ್ಕೊಮ್ಮೆ ಬಂದು, ಹಣ ಪಡೆದು, ಮಗನೊಡನೆಯೂ ತಾಯಿಯೊಡನೆಯೂ ಮಾತನಾಡುತ್ತಿದ್ದರು. ಗುಳಿಗೆ ಬೇಡ, ಮಾತಿನಿಂದಲೇ ವಾಸಿಯಾಗುತ್ತದೆ ಎಂದರು. ಗುಳಿಗೆ ನಿಂತಿತು, ಕಾಯಿಲೆ ಮರುಕಳಿಸಿತು. ಅಷ್ಟೇ ಅಲ್ಲದೆ, ಆ ಕೋಣೆಯಲ್ಲಿ ಆಡಿದ ಮಾತುಗಳು ರಾಜಾಜಿನಗರದ ಬೀಗರ ಮನೆಯವರೆಗೂ ಹೋಗಿ, ನಿಶ್ಚಯವಾಗಿದ್ದ ಮಗಳ ಮದುವೆ ಮುರಿದುಬಿತ್ತು.

“ಅಣ್ಣಾವರೆ, ಇಂಥವರ ಮೇಲೆ ದೂರು ಕೊಡುವುದಾದರೂ ಎಲ್ಲಿ?” ಎಂದು ಆ ತಂದೆ ಕೇಳಿದರು. ನಾವು ಆಗ ಉತ್ತರವಿಲ್ಲದೆ ಕುಳಿತೆವು. ಆ ಪ್ರಶ್ನೆಯ ಬೆನ್ನು ಹತ್ತಿ ತಿಳಿದುಕೊಂಡುದನ್ನು ಈ ತಿಂಗಳು ತಮ್ಮ ಮುಂದೆ ಇಡುತ್ತಿದ್ದೇವೆ.

ವೈದ್ಯರು ತಪ್ಪಿದರೆ ವಿಚಾರಿಸಲು ಕರ್ನಾಟಕ ವೈದ್ಯಕೀಯ ಪರಿಷತ್ತು ಇದೆ. ವಕೀಲರು ತಪ್ಪಿದರೆ 1961ರ ವಕೀಲರ ಕಾಯಿದೆಯಂತೆ ಶಿಸ್ತುಕ್ರಮ ಕೈಗೊಳ್ಳಲು ರಾಜ್ಯ ವಕೀಲರ ಪರಿಷತ್ತು ಇದೆ. ದಾದಿಯರಿಗೆ 1947ರಲ್ಲಿ, ಫಾರ್ಮಸಿಸ್ಟರಿಗೆ 1948ರಲ್ಲಿ, ಲೆಕ್ಕಪರಿಶೋಧಕರಿಗೆ 1949ರಲ್ಲಿ ಕಾಯಿದೆಗಳಾದವು. ಆದರೆ ಮನೆಯೊಳಗಿನ ನೋವನ್ನೇ ಕೈಗೆತ್ತಿಕೊಳ್ಳುವ ಸಮಾಜಕಾರ್ಯಕರ್ತರಿಗೆಂದು, ಅವರೆಲ್ಲರಿಗೂ ಅನ್ವಯವಾಗುವ ಒಂದು ಶಾಸನಬದ್ಧ ಪರಿಷತ್ತು ನಮ್ಮ ದೇಶದಲ್ಲಿ ಇಂದಿಗೂ ಇಲ್ಲ. ಹಣದ ಮೋಸವಾಗಿದ್ದರೆ ಪೊಲೀಸ್ ಠಾಣೆಗೆ ಹೋಗಬಹುದು. ವೃತ್ತಿಧರ್ಮಕ್ಕೆ ಮೋಸವಾದರೆ ಹೋಗಲು ಹೆಚ್ಚಿನವರ ಮಟ್ಟಿಗೆ ಒಂದು ಬಾಗಿಲಿಲ್ಲ.

ಇದಕ್ಕೆ ನಮ್ಮ ಮಾತಿನ ಔದಾರ್ಯವೂ ಒಂದು ಕಾರಣ. ಬಡಾವಣೆಯ ಚರಂಡಿ ತೆಗೆಸಿದವರು ಸಮಾಜಸೇವಕರು. ಗಣೇಶೋತ್ಸವಕ್ಕೆ ಪೆಂಡಾಲು ಹಾಕಿಸಿದವರು ಸಮಾಜಸೇವಕರು. ಚುನಾವಣೆಗೆ ನಿಲ್ಲಬೇಕೆಂದಿರುವವರಂತೂ ಗೋಡೆಗೋಡೆಯ ಮೇಲೂ ಸಮಾಜಸೇವಕರು. ಇವರ ಸೇವೆಯನ್ನು ನಾವು ಹಳಿಯುವುದಿಲ್ಲ. ಆದರೆ ‘ಸಮಾಜಕಾರ್ಯ’ ಎಂಬುದು ಬೇರೆಯೇ ಒಂದು ವಿದ್ಯೆ. ಈ ವಿದ್ಯೆಗಾಗಿ ಭಾರತದಲ್ಲಿ ಮೊದಲ ಶಾಲೆ ತೆರೆದುದು 1936ರಲ್ಲಿ ಮುಂಬಯಿಯಲ್ಲಿ. ಸರ್ ದೊರಾಬ್ಜಿ ಟಾಟಾ ಅವರ ಹೆಸರಿನಲ್ಲಿ ಆರಂಭವಾದ ಅದೇ ಇಂದಿನ ಟಾಟಾ ಸಮಾಜವಿಜ್ಞಾನ ಸಂಸ್ಥೆ. ನಮ್ಮ ನಾಡಿನ ಮಂಗಳೂರಿನಲ್ಲಿ 1960ರಲ್ಲಿ ರೋಶನಿ ನಿಲಯ ಆರಂಭವಾಯಿತು. ಕೆಂಗೇರಿಗೆ ಹೋಗುವ ದಾರಿಯಲ್ಲಿ ನಾವು ದಿನವೂ ಹಾದುಹೋಗುವ ಜ್ಞಾನಭಾರತಿಯಲ್ಲಿಯೇ ಬೆಂಗಳೂರು ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗವಿದೆ. ಅಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಎಚ್.ಎಂ. ಮರುಳಸಿದ್ಧಯ್ಯನವರು ಈ ಶಾಸ್ತ್ರವನ್ನು ಕನ್ನಡದಲ್ಲಿ ಬರೆದು ಬೆಳೆಸಿದ ಹಿರಿಯರು. ಎರಡು ವರ್ಷಗಳ ಸ್ನಾತಕೋತ್ತರ ವ್ಯಾಸಂಗದಲ್ಲಿ ವಿದ್ಯಾರ್ಥಿಗಳು ಪುಸ್ತಕ ಓದುವುದರ ಜೊತೆಗೆ ಆಸ್ಪತ್ರೆ, ಕೊಳೆಗೇರಿ, ಹಳ್ಳಿ, ಕಾರ್ಖಾನೆಗಳಲ್ಲಿ ಗುರುಗಳ ಮೇಲ್ವಿಚಾರಣೆಯಲ್ಲಿ ಕ್ಷೇತ್ರಕಾರ್ಯ ಮಾಡತಕ್ಕದ್ದು. ಕೇಳಿದುದನ್ನು ಗುಟ್ಟಾಗಿಡುವುದು ಅವರು ಕಲಿಯುವ ಮೊದಲ ಪಾಠಗಳಲ್ಲೊಂದು. ಹೀಗೆ ಕಲಿತವರೂ, ಏನೂ ಕಲಿಯದವರೂ ಒಂದೇ ಹೆಸರಿನ ಫಲಕ ಹಾಕಿಕೊಳ್ಳಬಹುದಾದ ಸ್ಥಿತಿಯೇ ಇಲ್ಲಿಯ ತೊಡಕು.

ಈ ತೊಡಕನ್ನು ಬಲ್ಲವರು ಸುಮ್ಮನಿರಲಿಲ್ಲ. ವೃತ್ತಿನಿರತ ಸಮಾಜಕಾರ್ಯಕರ್ತರ ರಾಷ್ಟ್ರೀಯ ಪರಿಷತ್ತಿಗಾಗಿ 1993ರಲ್ಲಿಯೇ ಒಂದು ಮಸೂದೆಯ ಕರಡು ಸಿದ್ಧವಾಗಿತ್ತು. ಮೂರು ದಶಕಗಳು ಕಳೆದರೂ ಅದು ಕಾಯಿದೆಯಾಗಲಿಲ್ಲ.

ಆದರೆ ಬೇರೆ ಕಾಯಿದೆಗಳು ಸಮಾಜಕಾರ್ಯಕರ್ತರ ಕೈಗೆ ಅಧಿಕಾರವನ್ನು ಕೊಡುತ್ತಲೇ ಬಂದಿವೆ. 2015ರ ಬಾಲನ್ಯಾಯ ಕಾಯಿದೆಯಂತೆ, ಕಾನೂನಿನೊಡನೆ ಸಂಘರ್ಷಕ್ಕೆ ಒಳಗಾದ ಮಕ್ಕಳ ವಿಚಾರಣೆ ಮಾಡುವ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜಕಾರ್ಯಕರ್ತರೂ ಇರಬೇಕು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಅವರ ಅರ್ಹತೆ ಏನು? ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣ ಕಾರ್ಯದಲ್ಲಿ ಏಳು ವರ್ಷ ದುಡಿದಿರಬೇಕು, ಇಲ್ಲವೆ ಮಕ್ಕಳ ಮನಶ್ಶಾಸ್ತ್ರ, ಮನೋವೈದ್ಯಶಾಸ್ತ್ರ, ಸಮಾಜಶಾಸ್ತ್ರ ಅಥವಾ ಕಾನೂನಿನ ಪದವಿ ಪಡೆದು ವೃತ್ತಿಯಲ್ಲಿರಬೇಕು. ಸಮಾಜಕಾರ್ಯದ ಪದವಿಯ ಹೆಸರೇ ಆ ಸಾಲಿನಲ್ಲಿಲ್ಲ! ಹಾಗೆಯೇ, ಅನಾಥ ಮಗುವನ್ನು ದತ್ತು ಪಡೆಯಲು ಅರ್ಜಿ ಹಾಕಿದ ದಂಪತಿಗಳ ಮನೆಗೆ ಬಂದು, ಮನೆಯ ಸ್ಥಿತಿಗತಿಗಳನ್ನು ನೋಡಿ ವರದಿ ಬರೆಯುವವರೂ ಸಮಾಜಕಾರ್ಯಕರ್ತರೇ. ಒಂದು ಮಗುವಿನ ಮುಂದಿನ ಬಾಳು ಅವರ ಲೇಖನಿಯ ತುದಿಯಲ್ಲಿರುತ್ತದೆ.

ಆರೋಗ್ಯದ ಕ್ಷೇತ್ರದಲ್ಲಿ ಮಾತ್ರ ಈಚೆಗೆ ಕೆಲವು ಬಾಗಿಲುಗಳು ತೆರೆದಿವೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ‘ಮನೋವೈದ್ಯಕೀಯ ಸಮಾಜಕಾರ್ಯಕರ್ತ’ ಎಂದರೆ ಯಾರು ಎಂಬುದನ್ನು ಸ್ಪಷ್ಟಪಡಿಸಿದೆ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿಯ ಮೇಲೆ, ಮೇಲ್ವಿಚಾರಣೆಯ ತರಬೇತಿಯೊಡಗೂಡಿದ ಎರಡು ವರ್ಷಗಳ ಎಂ.ಫಿಲ್. ಅಥವಾ ನಿಯಮಗಳು ಹೇಳುವ ಬೇರೆ ಅರ್ಹತೆ ಅವರಿಗಿರಬೇಕು. ಅಂಥವರನ್ನು ನೋಂದಾಯಿಸಿ ಹೆಸರುಗಳ ಪಟ್ಟಿಯನ್ನು ಪ್ರಕಟಿಸುವುದು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಕರ್ತವ್ಯ. ರೋಗಿಯ ವಿಷಯವನ್ನು ಗುಟ್ಟಾಗಿಡಬೇಕೆಂಬ ಕಟ್ಟಳೆಯೂ ಅದೇ ಕಾಯಿದೆಯಲ್ಲಿದೆ. ಅನಂತರ ಬಂದ 2021ರ ಸಹಾಯಕ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯಿದೆಯು ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು ತನ್ನ ಅನುಸೂಚಿಯಲ್ಲಿ ಸೇರಿಸಿಕೊಂಡು, ಕೇಂದ್ರದಲ್ಲಿ ಆಯೋಗ, ರಾಜ್ಯಗಳಲ್ಲಿ ಪರಿಷತ್ತು, ಎರಡೂ ಕಡೆ ನೋಂದಣಿ ಪುಸ್ತಕ ಇರಬೇಕೆಂದು ವಿಧಿಸಿತು. ನೋಂದಣಿಯಿಲ್ಲದೆ ಇದೆಯೆಂದು ಸುಳ್ಳು ಹೇಳಿದವರಿಗೆ ಮೊದಲ ಬಾರಿಗೆ 50,000 ರೂಪಾಯಿಗಳವರೆಗೆ ದಂಡವಿದೆ. ಇದನ್ನು ಜಾರಿಗೆ ತರುವುದರಲ್ಲಿ ತಡವಾಯಿತೆಂದು 2024ರ ಆಗಸ್ಟ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವೇ ಎರಡು ತಿಂಗಳ ಗಡುವು ಕೊಡಬೇಕಾಯಿತು. ಇಷ್ಟಾದರೂ ಇವೆಲ್ಲ ಆರೋಗ್ಯಕ್ಕೆ ಸಂಬಂಧಿಸಿದವು. ಮಕ್ಕಳ, ಮುದುಕರ, ದಂಪತಿಗಳ ನಡುವೆ ಕೆಲಸ ಮಾಡುವ ಉಳಿದ ಸಮಾಜಕಾರ್ಯಕರ್ತರಿಗೆ ಪರಿಷತ್ತು ಇನ್ನೂ ದೂರವೇ.

ಹೊರನಾಡಿನ ಸ್ಥಿತಿ ಹೇಗಿದೆ? ಥೇಮ್ಸ್ ನದಿಯ ದಂಡೆಯಲ್ಲಿ 2015ರಲ್ಲಿ ಬಸವೇಶ್ವರರ ಪ್ರತಿಮೆ ಅನಾವರಣಗೊಂಡುದನ್ನು ನಾವೆಲ್ಲ ಸಂಭ್ರಮದಿಂದ ನೋಡಿದೆವು. ಆ ಇಂಗ್ಲೆಂಡಿನಲ್ಲಿ 2005ರಿಂದಲೂ ನೋಂದಣಿಯಿಲ್ಲದವರು ತಮ್ಮನ್ನು ‘ಸೋಶಿಯಲ್ ವರ್ಕರ್’ ಎಂದು ಕರೆದುಕೊಳ್ಳುವಂತಿಲ್ಲ. 2019ರ ಡಿಸೆಂಬರಿನಿಂದ ಇದಕ್ಕೆಂದೇ ‘ಸೋಶಿಯಲ್ ವರ್ಕ್ ಇಂಗ್ಲೆಂಡ್’ ಎಂಬ ಸಂಸ್ಥೆ ಕೆಲಸ ಮಾಡುತ್ತಿದೆ. ಅಲ್ಲಿ ನೆಲೆಸಿರುವ ನಮ್ಮ ಕನ್ನಡದ ತಾಯಂದಿರು ತಮ್ಮ ಮನೆಗೆ ಬಂದವರ ಹೆಸರು ಪಟ್ಟಿಯಲ್ಲಿದೆಯೆ ಎಂದು ತಾವೇ ನೋಡಬಹುದು. ತಪ್ಪು ನಡೆದರೆ ದೂರನ್ನೂ ಕೊಡಬಹುದು. ಬಸವೇಶ್ವರನಗರದ ತಾಯಿಗೆ ಆ ಅನುಕೂಲವೇಕೆ ಇರಬಾರದು?

ಈ ಮಾತನ್ನು ವಿಜಯನಗರದ ಹಿರಿಯ ಶರಣರೊಬ್ಬರ ಮುಂದೆ ಆಡಿದಾಗ ಅವರು ಸ್ವಲ್ಪ ಖಿನ್ನರಾದರು. “ದಾಸೋಹಕ್ಕೂ ನೋಂದಣಿಯೆ? ಹಸಿದವನಿಗೆ ಅನ್ನ ಬಡಿಸಲು ಸರ್ಕಾರದ ಚೀಟಿ ಬೇಕೆ?” ಎಂದರು. ಅವರ ಆತಂಕ ಯೋಗ್ಯವಾದುದೇ. ಸಿದ್ಧಗಂಗೆಯ ಒಲೆ ಉರಿಯುತ್ತ ಬಂದುದು ಯಾವ ಪರಿಷತ್ತಿನ ಅಪ್ಪಣೆಯಿಂದಲೂ ಅಲ್ಲ. ನೋಂದಣಿಯ ಹೆಸರಿನಲ್ಲಿ ನೆರೆಹೊರೆಯ ಉಪಕಾರಬುದ್ಧಿಗೆ ತಡೆಯೊಡ್ಡಿದರೆ ಅದಕ್ಕಿಂತ ಅವಿವೇಕ ಇನ್ನೊಂದಿಲ್ಲ. ಆದರೆ ಇಲ್ಲಿ ಎರಡು ಮಾತುಗಳನ್ನು ಬೇರ್ಪಡಿಸಿ ನೋಡಬೇಕು. ಅನ್ನ ಬಡಿಸುವವನು ಉಣ್ಣುವವನ ಗುಟ್ಟನ್ನು ಕೇಳುವುದಿಲ್ಲ, ಅವನ ಔಷಧಿಯನ್ನು ನಿಲ್ಲಿಸುವುದಿಲ್ಲ, ಅವನ ಮಗು ಯಾರ ಬಳಿ ಬೆಳೆಯಬೇಕೆಂದು ತೀರ್ಮಾನಿಸುವುದಿಲ್ಲ. ಇವನ್ನು ಮಾಡುವವರು, ಅದರಲ್ಲಿಯೂ ಪ್ರತಿಫಲ ಪಡೆದು ಮಾಡುವವರು, ದಾಸೋಹ ಮಾಡುತ್ತಿಲ್ಲ, ಕಾಯಕ ಮಾಡುತ್ತಿದ್ದಾರೆ. ಕಾಯಕದಲ್ಲಿ ಶುದ್ಧಿ ಬೇಕೆಂಬುದು, ಅದರ ಲೆಕ್ಕವನ್ನು ಒಪ್ಪಿಸಬೇಕೆಂಬುದು ನಮಗೆ ಹೊಸತೇನಲ್ಲ. ಪರಿಷತ್ತು ಆ ಲೆಕ್ಕವನ್ನು ಕೇಳುವ ಒಂದು ಪೀಠ, ಅಷ್ಟೆ. ಇದರಿಂದ ಶ್ರದ್ಧೆಯಿಂದ ದುಡಿಯುವ ಕಾರ್ಯಕರ್ತರಿಗೂ ಹಿತವೇ. ಕಳ್ಳನಾಣ್ಯ ಚಲಾವಣೆಯಲ್ಲಿರುವವರೆಗೆ ಒಳ್ಳೆಯ ನಾಣ್ಯವನ್ನೂ ಜನ ಅನುಮಾನದಿಂದಲೇ ತಿರುವಿ ನೋಡುತ್ತಾರೆ.

ಪೂರ್ಣ ಕಾಯಿದೆ ಬರುವವರೆಗೆ ಗೃಹಸ್ಥರು ಸ್ವತಃ ಎಚ್ಚರ ವಹಿಸಬೇಕಾಗಿದೆ. ಸಮಾಜಕಾರ್ಯಕರ್ತರೆಂದು ಮನೆಗೆ ಬಂದವರನ್ನು, ಕುಡಿಯಲು ನೀರು ಕೊಟ್ಟು, ವಿನಯದಿಂದಲೇ ನಾಲ್ಕು ಮಾತು ಕೇಳಿರಿ: ಎಲ್ಲಿ ಓದಿದಿರಿ, ಯಾವ ಸಂಸ್ಥೆಯಿಂದ ಬಂದಿರಿ, ನೋಂದಣಿ ಸಂಖ್ಯೆ ಇದೆಯೆ, ನಾವು ಹೇಳುವುದನ್ನು ಎಲ್ಲಿ ಬರೆದಿಡುತ್ತೀರಿ? ಯೋಗ್ಯರು ಇದಕ್ಕೆ ಬೇಸರಪಡುವುದಿಲ್ಲ. ವೈದ್ಯರು ಬರೆದ ಗುಳಿಗೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿರಿ. ಅನಾಥ ಮಗುವನ್ನು ‘ಕೊಡಿಸುತ್ತೇವೆ’ ಎಂದು ಹಣ ಕೇಳುವವರನ್ನು ಬಾಗಿಲಿನಿಂದಲೇ ಕಳುಹಿಸಿರಿ. ಅಂಥ ಮಗುವಿನ ದತ್ತು ಕಾಯಿದೆಯ ದಾರಿಯಲ್ಲಿಯೇ ಆಗಬೇಕು. ಮನಸ್ಸಿನ ತೊಂದರೆಗೆ 14416, ಮಕ್ಕಳ ಸಂಕಟಕ್ಕೆ 1098 ಎಂಬ ದೂರವಾಣಿಗಳು ಉಚಿತವಾಗಿ ದೊರೆಯುತ್ತವೆ.

ಬಸವೇಶ್ವರನಗರದ ಆ ಮಗ ಈಗ ಮತ್ತೆ ವೈದ್ಯರ ಆರೈಕೆಯಲ್ಲಿದ್ದಾನೆ. ಅವನಿಗೆ ನೆರವಾಗುತ್ತಿರುವವರಲ್ಲಿ ಆಸ್ಪತ್ರೆಯ ಒಬ್ಬ ಸಮಾಜಕಾರ್ಯಕರ್ತೆಯೂ ಇದ್ದಾರೆ. ಮೊದಲ ದಿನವೇ ತಮ್ಮ ಗುರುತಿನ ಚೀಟಿಯನ್ನು ತಾವಾಗಿಯೇ ತೋರಿಸಿದರಂತೆ. ಆದರೂ ಆ ತಾಯಿ ಇನ್ನೂ ಬಾಯಿ ಬಿಟ್ಟು ಮಾತನಾಡಲು ಹಿಂಜರಿಯುತ್ತಾರೆ. ಒಮ್ಮೆ ಒಡೆದ ನಂಬಿಕೆಯನ್ನು ಯಾವ ಕಾಯಿದೆಯೂ ಬೆಸೆಯಲಾರದು. ಮುಂದೆ ಒಡೆಯದಂತೆ ಕಾಯಬಲ್ಲುದು. ಆ ಕಾವಲಿಗಾಗಿ ನಮ್ಮ ಸಂಘಗಳು, ಅಕ್ಕನ ಬಳಗಗಳು ಶಾಸಕರ ಮುಂದೆ ಈ ಪ್ರಶ್ನೆಯನ್ನು ಇಡಲಿ ಎಂಬುದು ನಮ್ಮ ಪ್ರಾರ್ಥನೆ.